ನೋಟ್‌ಬುಕ್‌ನಲ್ಲಿ ಅರ್ಥ ಮಾತ್ರ ಬರೀಬೇಡಿ, ವಾಕ್ಯ ಬರೀರಿ

ಇಂಗ್ಲಿಷ್ ವೊಕ್ಯಾಬುಲರಿ ಜಾಸ್ತಿ ಮಾಡ್ಕೋಬೇಕು ಅಂತ ಹೊರಟವರು ಮುಕ್ಕಾಲುವಾಸಿ ಮಾಡೋದು ಒಂದೇ ಕೆಲಸ. ಒಂದು ನೋಟ್‌ಬುಕ್ ತಗೊಂಡು ಪುಟದ ಮಧ್ಯ ಗೀಟು ಎಳೆದು ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ. ದಿನಕ್ಕೆ ಹತ್ತು ಪದ, ಇಪ್ಪತ್ತು ಪದ ಅಂತ ಲೆಕ್ಕ ಹಾಕ್ಕೊಂಡು ಬಾಯಿಪಾಠ ಮಾಡ್ತಾರೆ. ನೋಟ್‌ಬುಕ್ ತುಂಬತ್ತೆ, ಆದ್ರೆ ಒಂದು ಇಮೇಲ್ ಬರೀಬೇಕು ಅಂತ ಕೂತಾಗ, ಇಂಟರ್‌ವ್ಯೂನಲ್ಲಿ ನಾಲ್ಕು ಮಾತಾಡಬೇಕು ಅಂದಾಗ ಅದರಲ್ಲಿ ಒಂದು ಪದಾನೂ ಬಾಯಿಗೆ ಬರಲ್ಲ, ಬಂದ್ರೂ ಕೂರಬಾರದ ಜಾಗದಲ್ಲಿ ಕೂತ್ಕೊಳ್ಳತ್ತೆ. ಆಮೇಲೆ ನನಗೆ ನೆನಪಿನ ಶಕ್ತಿ ಇಲ್ಲ, ಇಂಗ್ಲಿಷ್ ನನ್ನ ಹಣೇಲಿ ಬರೆದಿಲ್ಲ ಅಂತ ಕೈಬಿಟ್ಟುಬಿಡ್ತಾರೆ. ಇದನ್ನ ನೋಡಿದಾಗೆಲ್ಲ ನನಗೆ ಸಂಕಟ ಆಗತ್ತೆ. ಇಷ್ಟು ಶ್ರಮಪಡೋ ಜನರಿಗೆ ಯಾರೂ ಸರಿಯಾಗಿ ಹೇಳ್ಕೊಟ್ಟಿಲ್ಲ ಅಷ್ಟೇ, ಅವರ ತಲೇಲಿ ಏನೂ ಕೊರತೆ ಇಲ್ಲ.

1987ರಲ್ಲಿ ಜಾರ್ಜ್ ಮಿಲ್ಲರ್ ಮತ್ತು ಪೆಟ್ರೀಷಿಯಾ ಗಿಲ್ಡಿಯಾ ಅನ್ನೋ ಇಬ್ಬರು ಸಂಶೋಧಕರು ಮಕ್ಕಳು ಪದಗಳನ್ನ ಹೇಗೆ ಕಲೀತಾರೆ ಅನ್ನೋದರ ಬಗ್ಗೆ ಒಂದು ಲೇಖನ ಬರೆದ್ರು. ಅಮೆರಿಕದ ಸ್ಕೂಲ್ ಮಕ್ಕಳಿಗೆ ಗೊತ್ತಿಲ್ಲದ ಪದ ಕೊಟ್ಟು, ಡಿಕ್ಷನರಿಯಲ್ಲಿ ಅರ್ಥ ನೋಡಿ ಒಂದು ವಾಕ್ಯ ಮಾಡಿ ಅಂತ ಹೇಳಿದಾಗ ಆ ಮಕ್ಕಳು ಬರೆದಿದ್ದೇನು ಅಂತ ಅದರಲ್ಲಿದೆ. 'ಮೆಟಿಕ್ಯುಲಸ್' ಪದಕ್ಕೆ ತುಂಬಾ ಎಚ್ಚರಿಕೆಯಿಂದ ಇರೋದು ಅನ್ನೋ ಅರ್ಥ ಸಿಕ್ತು, ಮಗು ಬರೀತು, 'ಐ ವಾಸ್ ಮೆಟಿಕ್ಯುಲಸ್ ಅಬೌಟ್ ಫಾಲಿಂಗ್ ಆಫ್ ದಿ ಕ್ಲಿಫ್'. ಬೆಟ್ಟದ ಅಂಚಿಂದ ಬೀಳದ ಹಾಗೆ ಹುಷಾರಾಗಿದ್ದೆ ಅಂತ ಆ ಮಗುವಿನ ಮನಸ್ಸಲ್ಲಿ ಇದ್ದಿದ್ದು. ಆದ್ರೆ ಆ ವಾಕ್ಯ ಹೇಳೋದು ಬೀಳೋ ಕೆಲಸವನ್ನ ಬಹಳ ಅಚ್ಚುಕಟ್ಟಾಗಿ ಮಾಡಿದೆ ಅನ್ನೋ ಥರ! 'ಇರೋಡ್' ಪದಕ್ಕೆ ಡಿಕ್ಷನರಿಯಲ್ಲಿ 'ಈಟ್ ಔಟ್' ಅಂತ ಇತ್ತು, ನೀರು ಮಣ್ಣನ್ನ ತಿಂದುಹಾಕೋ ಅರ್ಥದಲ್ಲಿ. ಮಗುವಿಗೆ ಈಟ್ ಔಟ್ ಅಂದ್ರೆ ಹೊರಗಡೆ ಊಟಕ್ಕೆ ಹೋಗೋದು, ಹಾಗಾಗಿ 'ಅವರ್ ಫ್ಯಾಮಿಲಿ ಇರೋಡ್ಸ್ ಎ ಲಾಟ್' ಅಂತ ಬರೆದುಕೊಡ್ತು.

ಗಮನಿಸಿ, ಇವರು ಇಂಗ್ಲಿಷ್ ಮಾತಾಡೋ ದೇಶದ ಮಕ್ಕಳು. ದಡ್ಡ ಮಕ್ಕಳೂ ಅಲ್ಲ. ಡಿಕ್ಷನರಿ ಕೊಟ್ಟ ಅರ್ಥದಲ್ಲಿ ತಮಗೆ ಮೊದಲೇ ಗೊತ್ತಿರೋ ಒಂದು ತುಂಡನ್ನ ಹಿಡ್ಕೊಂಡ್ರು, ಆ ತುಂಡು ಇಟ್ಟು ಮನಸ್ಸಲ್ಲೇ ಒಂದು ವಾಕ್ಯ ಕಟ್ಟಿದ್ರು, ಆಮೇಲೆ ತುಂಡು ತೆಗೆದು ಹೊಸ ಪದ ಕೂರಿಸಿದ್ರು. ನಾವೂ ಮಾಡೋದು ಇದೇ ಅಲ್ವಾ, ನಮ್ಮ ತುಂಡು ಕನ್ನಡದ್ದು ಅನ್ನೋದೊಂದೇ ವ್ಯತ್ಯಾಸ.

ಹಾಗಂತ ಅರ್ಥ ನೋಡೋದು ವೇಸ್ಟ್ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದ್ಕೋಬೇಡಿ. ಅರ್ಥ ಬೇಕೇ ಬೇಕು. ಆದ್ರೆ ಯಾವ ಡಿಕ್ಷನರಿಯ ಅರ್ಥ ಅನ್ನೋದು ಮುಖ್ಯ. ಇಂಗ್ಲಿಷಿನವರು ತಮಗೋಸ್ಕರ ಮಾಡ್ಕೊಂಡಿರೋ ಡಿಕ್ಷನರಿಯಲ್ಲಿ ಒಂದು ಕಷ್ಟದ ಪದಕ್ಕೆ ಅದಕ್ಕಿಂತ ಕಷ್ಟದ ಮೂರು ಪದ ಕೊಟ್ಟಿರ್ತಾರೆ, ಅವುಗಳ ಅರ್ಥ ಹುಡುಕೋಕೆ ಹೋದ್ರೆ ಮತ್ತೆ ಮೊದಲನೇ ಪದಕ್ಕೇ ಬಂದು ನಿಲ್ತೀವಿ. ಈ ಕಷ್ಟ ಗೊತ್ತಿದ್ದ ಒಬ್ಬ ಮೇಷ್ಟ್ರು ಮೈಕೆಲ್ ವೆಸ್ಟ್ ಅಂತ, ಬ್ರಿಟಿಷರ ಕಾಲದಲ್ಲಿ ಢಾಕಾದಲ್ಲಿ ಕೆಲಸ ಮಾಡ್ತಿದ್ದವರು, 1935ರಲ್ಲಿ ಒಂದು ಡಿಕ್ಷನರಿ ತಂದ್ರು. ಅದರಲ್ಲಿ ಎಲ್ಲಾ ಅರ್ಥಗಳನ್ನ ಬರೆಯೋಕೆ ಬಳಸಿದ್ದು ಬರೀ 1,490 ಪದ. ಅಷ್ಟು ಪದ ಗೊತ್ತಿದ್ದವರಿಗೆ ಇಡೀ ಡಿಕ್ಷನರಿ ಓದಿದ್ರೆ ಅರ್ಥ ಆಗಬೇಕು ಅನ್ನೋ ಹಠ. 1978ರಲ್ಲಿ ಬಂದ ಲಾಂಗ್‌ಮನ್ ಡಿಕ್ಷನರಿ ಇದೇ ದಾರೀಲಿ ಸುಮಾರು 2,000 ಪದಗಳ ಲಿಮಿಟ್ ಹಾಕ್ಕೊಂಡ್ತು. ಇನ್ನು 1942ರಲ್ಲಿ ಜಪಾನಿನಲ್ಲಿ ಎ.ಎಸ್. ಹಾರ್ನ್‌ಬಿ ಮತ್ತವರ ಜೊತೆಗಾರರು ಮಾಡಿದ ಡಿಕ್ಷನರಿ ಒಂದು ಪದವನ್ನ ವಾಕ್ಯದಲ್ಲಿ ಹೇಗೆ ಕೂರಿಸಬೇಕು ಅನ್ನೋದನ್ನ ತೋರಿಸ್ತು. ಇವತ್ತಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಗೆ ಅದೇ ಮೂಲ. ಇಂಥ ಲರ್ನರ್ಸ್ ಡಿಕ್ಷನರಿಗಳು ಈಗ ಆನ್‌ಲೈನ್‌ನಲ್ಲಿ ಫ್ರೀಯಾಗೇ ಸಿಗ್ತವೆ, ಆದ್ರೂ ನಮ್ಮ ಜನ ಗೂಗಲ್‌ನಲ್ಲಿ ಪದದ ಪಕ್ಕ 'ಮೀನಿಂಗ್ ಇನ್ ಕನ್ನಡ' ಅಂತ ಟೈಪ್ ಮಾಡಿ ಬಂದ ಒಂದು ಪದ ನೋಡಿ ಮುಂದೆ ಹೋಗಿಬಿಡ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟ ಆಗೋದು 1987ರಲ್ಲಿ ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಯ ಜಾನ್ ಸಿಂಕ್ಲೇರ್ ತಂಡ ಮಾಡಿದ ಕೋಬಿಲ್ಡ್ ಡಿಕ್ಷನರಿ. ಅದರಲ್ಲಿ ಅರ್ಥವೇ ಒಂದು ಪೂರ್ತಿ ವಾಕ್ಯವಾಗಿರತ್ತೆ. 'ರಿಲಕ್ಟೆಂಟ್' ಅನ್ನೋ ಪದ ತಗೊಳ್ಳಿ. ಅದರ ಅರ್ಥವನ್ನ ಆ ಶೈಲಿಯಲ್ಲಿ ಹೇಳೋದಾದ್ರೆ, 'ನೀವು ಒಂದು ಕೆಲಸ ಮಾಡೋಕೆ ರಿಲಕ್ಟೆಂಟ್ ಆಗಿದ್ರೆ ನಿಮಗೆ ಅದನ್ನ ಮಾಡೋ ಮನಸ್ಸಿಲ್ಲ, ಮಾಡೋಕೆ ಮುಂಚೆ ಹಿಂದೆಮುಂದೆ ನೋಡ್ತೀರಿ' ಅಂತ ಆಗತ್ತೆ. ಇದೊಂದೇ ಸಾಲಿನಲ್ಲಿ ಎಷ್ಟು ವಿಷಯ ಇದೆ ನೋಡಿ. ರಿಲಕ್ಟೆಂಟ್ ಆಗೋದು ಮನುಷ್ಯರು, ಆಗೋದು ಒಂದು ಕೆಲಸ ಮಾಡೋ ವಿಚಾರದಲ್ಲಿ, ಒಂದು ವಸ್ತುವಿನ ಮೇಲೆ ಅಲ್ಲ. ಬಲಗಡೆ ಕಾಲಂನಲ್ಲಿ 'ಇಷ್ಟವಿಲ್ಲದ' ಅಂತ ಮಾತ್ರ ಬರ್ಕೊಂಡವರು ಮ್ಯಾಥ್ಸ್ ಇಷ್ಟ ಇಲ್ಲ ಅನ್ನೋದಕ್ಕೆ 'ಐ ಆಮ್ ರಿಲಕ್ಟೆಂಟ್ ಮ್ಯಾಥ್ಸ್' ಅಂತ ಬರೀತಾರೆ, ಬರೆಯದೇ ಇನ್ನೇನು ಮಾಡ್ತಾರೆ ಪಾಪ.

ಈಗ ಅದೇ ಪದಕ್ಕೆ ಉದಾಹರಣೆ ವಾಕ್ಯ. 'ಹೀ ವಾಸ್ ರಿಲಕ್ಟೆಂಟ್' ಅಂತ ಕೊಟ್ರೆ ಅದು ಉದಾಹರಣೆ ಅಲ್ಲವೇ ಅಲ್ಲ. ಆ ಜಾಗದಲ್ಲಿ ಹ್ಯಾಪಿ ಹಾಕಿ, ಟಯರ್ಡ್ ಹಾಕಿ, ಯಾವುದು ಹಾಕಿದ್ರೂ ಕೂರತ್ತೆ, ಪದದ ಬಗ್ಗೆ ಏನೂ ಗೊತ್ತಾಗಲ್ಲ. 'ಹೀ ವಾಸ್ ರಿಲಕ್ಟೆಂಟ್ ಟು ಅಡ್ಮಿಟ್ ಹಿಸ್ ಮಿಸ್ಟೇಕ್' ಅಂತ ಬರೀರಿ. ತಪ್ಪು ಒಪ್ಪಿಕೊಳ್ಳೋಕೆ ಯಾರಿಗೂ ಮನಸ್ಸಿರಲ್ಲ, ಹಾಗಾಗಿ ಪದವನ್ನ ಬೆರಳಿಟ್ಟು ಮುಚ್ಚಿದ್ರೂ ಅಲ್ಲಿ ಎಂಥ ಪದ ಬರಬೇಕು ಅಂತ ಊಹೆ ಮಾಡಬಹುದು. ರಿಲಕ್ಟೆಂಟ್ ಆದ್ಮೇಲೆ 'ಟು' ಬರತ್ತೆ, ಟು ಆದ್ಮೇಲೆ ಕ್ರಿಯಾಪದ ಬರತ್ತೆ ಅನ್ನೋದೂ ಗ್ರಾಮರ್ ಪಾಠ ಇಲ್ಲದೇ ಕಣ್ಣಿಗೆ ಬಿತ್ತು. ಇನ್ನೊಂದು, 'ಶೀ ರಿಲಕ್ಟೆಂಟ್ಲಿ ಅಗ್ರೀಡ್'. ಇಲ್ಲಿ ಹೊಸದೊಂದು ಗೊತ್ತಾಯ್ತು, ಮನಸ್ಸಿಲ್ಲದಿದ್ರೂ ಕೊನೆಗೆ ಒಪ್ಪಿಕೊಂಡ್ಲು, ಅಂದ್ರೆ ಒಲ್ಲದ ಮನಸ್ಸಿಂದ. ಕೆಲಸ ಆಗಲ್ಲ ಅಂತಲ್ಲ, ಆಗಬಹುದು, ಆದ್ರೆ ಮನಸ್ಸು ಹಿಂದಕ್ಕೆ ಎಳೀತಿರತ್ತೆ. ಎರಡು ವಾಕ್ಯ ಕೊಟ್ಟಿದ್ದನ್ನ 'ಇಷ್ಟವಿಲ್ಲದ' ಅನ್ನೋ ಒಂದು ಪದ ನೂರು ಸಲ ಬಾಯಿಪಾಠ ಮಾಡಿದ್ರೂ ಕೊಡಲ್ಲ.

ಈ ಬೆರಳಿಟ್ಟು ಮುಚ್ಚೋ ಪರೀಕ್ಷೆ ಇದೆಯಲ್ಲ, ಅದನ್ನ ಪ್ರತಿಯೊಂದು ಉದಾಹರಣೆ ವಾಕ್ಯಕ್ಕೂ ಮಾಡಿ ನೋಡಿ. ವೊಕ್ಯಾಬುಲರಿ ಬುಕ್‌ಗಳಲ್ಲಿ, ರೀಲ್ಸ್‌ನಲ್ಲಿ ಬರೋ ಎಷ್ಟೋ ವಾಕ್ಯಗಳು ಈ ಪರೀಕ್ಷೇಲಿ ಫೇಲ್ ಆಗ್ತವೆ. ಸುಮ್ನೆ ವಾಕ್ಯ ಇರಬೇಕಲ್ಲ ಅಂತ ಇಟ್ಟಿರ್ತಾರೆ. ಅಂಥದ್ದನ್ನ ಬಿಟ್ಟು ಮುಂದಕ್ಕೆ ಹೋಗಿ, ಇನ್ನೊಂದು ಡಿಕ್ಷನರಿ ತೆಗೀರಿ.

ಪದಗಳಿಗೂ ಸಹವಾಸ ಅಂತ ಇರತ್ತೆ. ಒಬ್ಬ ಮನುಷ್ಯ ಎಂಥವನು ಅಂತ ಅವನ ಸಹವಾಸ ನೋಡಿ ಹೇಳ್ತೀವಲ್ಲ, ಜೆ.ಆರ್. ಫರ್ತ್ ಅನ್ನೋ ಬ್ರಿಟಿಷ್ ಭಾಷಾಶಾಸ್ತ್ರಜ್ಞರು 1957ರಲ್ಲಿ ಪದದ ಬಗ್ಗೆ ಅದನ್ನೇ ಹೇಳಿದ್ರು, ಪದ ಯಾರ ಜೊತೆ ಓಡಾಡತ್ತೆ ನೋಡಿ, ಅದು ಏನು ಅಂತ ಗೊತ್ತಾಗತ್ತೆ ಅಂತ. ಮಳೆಗೆ ಇಂಗ್ಲಿಷಲ್ಲಿ 'ಹೆವಿ', ಗಾಳಿಗೆ 'ಸ್ಟ್ರಾಂಗ್'. ನಮಗೆ ಮಳೇನೂ ಜೋರು, ಗಾಳೀನೂ ಜೋರು, ಹಾಗಾಗಿ ಅರ್ಥದಿಂದ ಇದನ್ನ ಹಿಡಿಯೋಕೆ ಆಗಲ್ಲ, ವಾಕ್ಯದಲ್ಲಿ ನೋಡಿದ್ರೆ ಮಾತ್ರ ಸಿಗತ್ತೆ. ಇದಕ್ಕಿಂತ ಸೂಕ್ಷ್ಮವಾದದ್ದು 'ಕಾಸ್' ಅನ್ನೋ ಕ್ರಿಯಾಪದ. ಅರ್ಥ ಏನು ಅಂದ್ರೆ ಕಾರಣವಾಗು, ಒಂದನೇ ಕ್ಲಾಸ್ ಮಗುವೂ ಹೇಳತ್ತೆ. ಆದ್ರೆ ನಿಜವಾದ ಇಂಗ್ಲಿಷ್ ಬರಹವನ್ನ ಲಕ್ಷಗಟ್ಟಲೆ ಸಾಲು ಕಂಪ್ಯೂಟರಿಗೆ ಹಾಕಿ ನೋಡಿದ ಭಾಷಾಶಾಸ್ತ್ರಜ್ಞರಿಗೆ ಕಂಡಿದ್ದೇನು ಅಂದ್ರೆ ಕಾಸ್ ಪಕ್ಕದಲ್ಲಿ ಹೆಚ್ಚಾಗಿ ಬರೋದು ಪ್ರಾಬ್ಲಮ್, ಡ್ಯಾಮೇಜ್, ಡೆತ್, ಟ್ರಬಲ್ ಇಂಥವೇ. ಕನ್ನಡದಲ್ಲಿ ನನ್ನ ಗೆಲುವಿಗೆ ನಮ್ಮಮ್ಮನೇ ಕಾರಣ ಅಂತ ಪ್ರೀತಿಯಿಂದ ಹೇಳ್ತೀವಿ, ಅದನ್ನೇ 'ಮೈ ಮದರ್ ಕಾಸ್ಡ್ ಮೈ ಸಕ್ಸೆಸ್' ಅಂತ ಬರೆದ್ರೆ ಗ್ರಾಮರ್ ಸರಿ ಇದ್ರೂ ಓದೋರಿಗೆ ಏನೋ ಇರಿಸುಮುರುಸು, ಅಮ್ಮನ ಮೇಲೆ ಆಪಾದನೆ ಹೊರಿಸಿದ ಹಾಗೆ. ಇದನ್ನ ಯಾವ ಎರಡು ಕಾಲಂ ನೋಟ್‌ಬುಕ್ ಹೇಳತ್ತೆ ಹೇಳಿ? ನಾಲ್ಕೈದು ಒಳ್ಳೆ ವಾಕ್ಯ ಓದಿದವರಿಗೆ ಯಾರೂ ಹೇಳದೇ ಇದ್ರೂ ಈ ವಾಸನೆ ಹತ್ತುತ್ತೆ. ಫೇಮಸ್ ಮತ್ತು ನಟೋರಿಯಸ್ ನಡುವಿನ ದೂರವೂ ಅಷ್ಟೇ, ಚೈಲ್ಡ್‌ಲೈಕ್ ಮತ್ತು ಚೈಲ್ಡಿಶ್ ಕೂಡ ಅಷ್ಟೇ, ಒಂದು ಹೊಗಳಿಕೆ ಇನ್ನೊಂದು ಬೈಗುಳ.

ಇನ್ನು ಯಾವ ಪದ ಕಲೀಬೇಕು ಅನ್ನೋದು. ಇದರ ಬಗ್ಗೆ ನನಗೆ ಬಲವಾದ ಅಭಿಪ್ರಾಯ ಇದೆ. ಯಾರೂ ಎಲ್ಲೂ ಬಳಸದ, ಕೇಳಿದ್ರೆ ಬಾಯಿ ಬಿಡೋ ಥರದ ದೊಡ್ಡ ದೊಡ್ಡ ಪದಗಳನ್ನ ದಿನಕ್ಕೊಂದು ಅಂತ ಹಂಚೋ ಪೋಸ್ಟ್‌ಗಳಿಂದ ಕಲಿಯೋರಿಗೆ ಪ್ರಯೋಜನ ಇಲ್ಲ, ಬದಲಿಗೆ ಭಯ ಜಾಸ್ತಿ ಆಗತ್ತೆ. ಅದೇ ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು 2,000 ಪದಗಳ ಒಂದು ಪಟ್ಟಿ ಪ್ರಕಟಿಸಿದ್ರು, ಸಾಮಾನ್ಯ ಇಂಗ್ಲಿಷ್ ಬರಹದಲ್ಲಿ ಸುಮಾರು ಶೇ. 80ರಷ್ಟು ಪದಗಳು ಆ ಪಟ್ಟಿಯೊಳಗೇ ಸಿಗ್ತವೆ. ಕಾಲೇಜ್ ಓದೋರಿಗೆ 2000ನೇ ಇಸವಿಯಲ್ಲಿ ಎವೆರಿಲ್ ಕಾಕ್ಸ್‌ಹೆಡ್ ಮಾಡಿದ 570 ಪದಕುಟುಂಬಗಳ (ಒಂದು ಪದ, ಅದರಿಂದ ಹುಟ್ಟಿದ ರೂಪಗಳು ಎಲ್ಲಾ ಸೇರಿ ಒಂದು ಕುಟುಂಬ) ಇನ್ನೊಂದು ಪಟ್ಟಿ ಇದೆ, ಟೆಕ್ಸ್ಟ್‌ಬುಕ್ ಭಾಷೆಯ ಹತ್ತರಲ್ಲಿ ಒಂದು ಭಾಗ ಅದರಿಂದ ತೆರೆದುಕೊಳ್ಳತ್ತೆ. ಕಾದಂಬರಿ, ಪೇಪರ್ ಎಲ್ಲಾ ಯಾರ ಸಹಾಯವೂ ಇಲ್ಲದೇ ಓದಬೇಕು ಅಂದ್ರೆ ಎಂಟೊಂಬತ್ತು ಸಾವಿರ ಪದಕುಟುಂಬ ಬೇಕು ಅಂತ ಪಾಲ್ ನೇಷನ್ 2006ರಲ್ಲಿ ಅಂದಾಜು ಮಾಡಿದಾರೆ, ಅದು ಹೆದರೋ ನಂಬರ್ ಅನ್ನಿಸಬಹುದು, ಆದ್ರೆ ಅದು ವರ್ಷಗಟ್ಟಲೆ ಓದ್ತಾ ಓದ್ತಾ ಆಗೋದು, ಯಾರೂ ಪಟ್ಟಿ ಹಿಡ್ಕೊಂಡು ಅಲ್ಲಿಗೆ ಹೋಗಿಲ್ಲ. ಮೊದಲ ಎರಡು ಸಾವಿರ ಗಟ್ಟಿ ಮಾಡ್ಕೊಳ್ಳಿ. ಗೆಟ್, ಟೇಕ್, ಪುಟ್, ಸೆಟ್ ಇಂಥ ಪುಟ್ಟ ಪದಗಳು ನನಗೆ ಗೊತ್ತು ಅಂತ ಎಲ್ಲರೂ ಅಂದ್ಕೋತಾರೆ. ಒಂದು ಸಲ ಡಿಕ್ಷನರಿಯಲ್ಲಿ 'ಸೆಟ್' ತೆಗೆದು ಅದರ ಉದಾಹರಣೆ ವಾಕ್ಯಗಳನ್ನ ಪೂರ್ತಿ ಓದಿ, ಆಮೇಲೆ ಮಾತಾಡೋಣ.

ಮರೆಯೋದರ ಬಗ್ಗೆ ಒಂದು ಮಾತು. ಮರೀತೀನಿ ಅಂತ ಬೇಜಾರಾಗಬೇಡಿ, ಎಲ್ಲರೂ ಮರೀತಾರೆ, ಕಲಿತಿದ್ದು ಮೊದಲ ಒಂದೆರಡು ದಿನದಲ್ಲೇ ಬೇಗ ಬೇಗ ಹೋಗಿಬಿಡತ್ತೆ ಅಂತ ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆ ತಾವೇ ಪ್ರಯೋಗ ಮಾಡ್ಕೊಂಡು ತೋರಿಸಿದ್ರು. ಪರಿಹಾರವೂ ಗೊತ್ತಿರೋದೇ, ಗ್ಯಾಪ್ ಕೊಟ್ಟು ಕೊಟ್ಟು ಮತ್ತೆ ನೆನಪು ಮಾಡ್ಕೊಳ್ಳೋದು. ಆಂಕಿ ಥರದ ಆ್ಯಪ್ ಇದನ್ನ ತಾನೇ ಲೆಕ್ಕ ಹಾಕಿ ಕೊಡತ್ತೆ, ಕಾರ್ಡ್ ಬರೆದು ಡಬ್ಬಿಯಲ್ಲಿ ಇಟ್ಕೊಂಡ್ರೂ ನಡಿಯತ್ತೆ. ಆದ್ರೆ ಕಾರ್ಡ್‌ನ ಒಂದು ಕಡೆ ಪದ ಇನ್ನೊಂದು ಕಡೆ ಕನ್ನಡ ಅರ್ಥ ಬರೆದ್ರೆ ಮತ್ತೆ ಹಳೇ ಕಥೆ. ಒಂದು ಕಡೆ ವಾಕ್ಯ ಬರೀರಿ, ಪದದ ಜಾಗ ಖಾಲಿ ಬಿಡಿ, ಹಿಂದೆ ಪದ ಮತ್ತು ಅದರ ಸರಳ ಇಂಗ್ಲಿಷ್ ಅರ್ಥ ಇರಲಿ. ಕನ್ನಡ ಅರ್ಥ ಬೇಕು ಅನ್ನಿಸಿದ್ರೆ ಮೂಲೇಲಿ ಸಣ್ಣದಾಗಿ ಬರ್ಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ನಮ್ಮ ಭಾಷೆಯ ಆಸರೆ ತಗೊಳ್ಳೋದನ್ನ ಅವಮಾನ ಅನ್ನೋ ಹಾಗೆ ನೋಡೋರನ್ನ ಕಂಡ್ರೆ ನನಗೆ ಸಿಟ್ಟು ಬರತ್ತೆ. ಗೊಂದಲ ಒಂದೇ ಕ್ಷಣಕ್ಕೆ ಹೋಗತ್ತೆ ಅಂದ್ರೆ ಯಾಕೆ ಬೇಡ?

ಕೊನೆಗೆ ನಿಮ್ಮದೇ ವಾಕ್ಯ. ಡಿಕ್ಷನರಿಯ ಎರಡು ವಾಕ್ಯ ಓದಿದ್ಮೇಲೆ ಮೂರನೇದು ನೀವು ಬರೀಬೇಕು, ನಿಮ್ಮ ಮನೆಯವರ ಬಗ್ಗೆ, ನಿಮ್ಮ ಕೆಲಸದ ಬಗ್ಗೆ, ನಿನ್ನೆ ನಿಜವಾಗಿ ಆಗಿದ್ದರ ಬಗ್ಗೆ. 'ಮೈ ಬ್ರದರ್ ವಾಸ್ ರಿಲಕ್ಟೆಂಟ್ ಟು ಲೆಂಡ್ ಮಿ ಹಿಸ್ ಬೈಕ್' ಅಂತ ಬರೆದ ಹುಡುಗ ಆ ಪದ ಮರೆಯೋದು ಕಷ್ಟ, ಅಣ್ಣನ ಮುಖ ಕಣ್ಣೆದುರಿಗೆ ಇರತ್ತಲ್ಲ. ಆದ್ರೆ ಬರೆದು ಅಲ್ಲಿಗೇ ಬಿಡಬೇಡಿ, ಯಾಕಂದ್ರೆ ಆ ಅಮೆರಿಕದ ಮಕ್ಕಳ ಥರ ತಪ್ಪು ವಾಕ್ಯವೂ ಅಷ್ಟೇ ಗಟ್ಟಿಯಾಗಿ ಮನಸ್ಸಲ್ಲಿ ಉಳ್ಕೊಳ್ಳಬಹುದು. ಗೊತ್ತಿರೋರು ಯಾರಾದ್ರೂ ಇದ್ರೆ ತೋರಿಸಿ. ಇಲ್ಲ ಅಂದ್ರೆ ವಾಕ್ಯದ ಮುಖ್ಯವಾದ ಮೂರ್ನಾಲ್ಕು ಪದಗಳನ್ನ ಡಬಲ್ ಕೋಟ್ಸ್ ಒಳಗೆ ಹಾಕಿ ಗೂಗಲ್ ಮಾಡಿ. ಒಳ್ಳೊಳ್ಳೆ ಪೇಪರ್‌ಗಳಲ್ಲಿ, ಪುಸ್ತಕಗಳಲ್ಲಿ ಆ ಜೋಡಣೆ ಹಾಗೇ ಸಿಕ್ರೆ ನಿಮ್ಮ ವಾಕ್ಯ ಸರಿ ಇರೋ ಸಾಧ್ಯತೆ ಜಾಸ್ತಿ. ಎಲ್ಲೂ ಸಿಗಲಿಲ್ಲ ಅಂದ್ರೆ ಡಿಕ್ಷನರಿಯ ವಾಕ್ಯಕ್ಕೆ ವಾಪಸ್ ಹೋಗಿ ಆ ಪದದ ಹಿಂದೆ ಏನಿದೆ, ಮುಂದೆ ಏನಿದೆ ಅಂತ ಇನ್ನೊಂದು ಸಲ ನೋಡಿ, ಆಮೇಲೆ ನಿಮ್ಮ ವಾಕ್ಯ ತಿದ್ದಿ ಬರೀರಿ.