ಪ್ಯಾಕೇಜ್ ಬೇರೆ, ಕೈಗೆ ಬರೋದು ಬೇರೆ

ಬೆಂಗಳೂರಲ್ಲಿ ಆಪರೇಷನ್ಸ್ ಮ್ಯಾನೇಜರ್‌ಗಳಿಗೆ, ಅಂದ್ರೆ ದಿನನಿತ್ಯದ ಕೆಲಸ ನಡೆಸೋರಿಗೆ, ಭರ್ಜರಿ ಸಂಬಳ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸರಿ, ಆದ್ರೆ ನೀವು ಕೊಟ್ಟಿರೋದು ಸಿಟಿಸಿ, ಅಂದ್ರೆ ಕಂಪನಿ ಒಬ್ಬ ನೌಕರನ ಮೇಲೆ ಮಾಡೋ ಒಟ್ಟು ಖರ್ಚು, ಅಲ್ವಾ? ಬೇಸಿಕ್ (ಮೂಲ ವೇತನ) ತಿಂಗಳಿಗೆ 50,000 ಅಂತ ಇಟ್ಕೊಳ್ಳಿ. ಪೂರ್ತಿ ಬೇಸಿಕ್ ಮೇಲೆ ಪಿಎಫ್ ಹಿಡಿದರೆ 12% ಲೆಕ್ಕದಲ್ಲಿ 6,000 ಹೋಯ್ತು, ಕಂಪನಿ ತನ್ನ ಪಾಲು ಅಂತ ಕಟ್ಟೋ ಇನ್ನೊಂದು 6,000 ಕೂಡ ಸಾಮಾನ್ಯವಾಗಿ ಆ ಸಿಟಿಸಿ ಒಳಗೇ ಇರುತ್ತೆ. ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡೋ ಇಡಿಗಂಟು) ಅಂತ ತಿಂಗಳಿಗೆ ಸುಮಾರು 2,400 ಸೇರಿಸಿರ್ತಾರೆ, ಐದು ವರ್ಷಕ್ಕೆ ಮುಂಚೆ ಕೆಲಸ ಬಿಟ್ರೆ ಅದು ಸಾಮಾನ್ಯವಾಗಿ ಸಿಗಲ್ಲ. ಕೆಲಸ ನೋಡಿ ಕೊಡೋ ವೇರಿಯಬಲ್ ಪೇ ಕಥೆ ಕೇಳೋದೇ ಬೇಡ.

ನನ್ನ ತಮ್ಮ ಹೊಸಕೋಟೆ ಕಡೆ ಒಂದು ಗೋದಾಮಿನಲ್ಲಿ ಇದೇ ಕೆಲಸದಲ್ಲಿದ್ದಾನೆ. ಬಾಡಿಗೆ, ಮನೆ ಅಡ್ವಾನ್ಸ್, ಮಗುವಿನ ಸ್ಕೂಲ್ ಫೀಸು ಕಳೆದ ಮೇಲೆ ಉಳಿಯೋದು ಅಷ್ಟಕ್ಕಷ್ಟೆ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಊರಿಗೆ ಬಂದವನು, ಎಲ್ಲರೂ ಕದಿರು (ಭತ್ತದ ತೆನೆ) ತೆಗೆಯೋಕೆ ಗದ್ದೆಗೆ ಇಳಿದಾಗ, ಏರಿ ಮೇಲೆ ಸಿಗ್ನಲ್ ಹುಡುಕ್ತಾ ಯಾವುದೋ ಲಾರಿ ಡ್ರೈವರ್ ಜೊತೆ ಕೂಗಾಡ್ತಾ ನಿಂತಿದ್ದ!

ಇಲ್ಲಿ ಸಿದ್ದಾಪುರ ಕಡೆ ಕಾಫಿ ಎಸ್ಟೇಟ್ ಮ್ಯಾನೇಜರ್ ಮಾಡೋದೂ ಆಪರೇಷನ್ಸೇ. ಆಳು ಹೊಂದಿಸೋದು, ಕೊಯ್ಲು, ಪಲ್ಪಿಂಗ್ (ಹಣ್ಣಿನ ಸಿಪ್ಪೆ ತೆಗೆಯೋದು), ಕಣದಲ್ಲಿ ಒಣಗಿಸೋದು, ಸಂಜೆ ಚೀಲ ತೂಗಿ ಲೆಕ್ಕ ಬರೆಸೋದು, ಜೊತೆಗೆ ಆನೆ ಕಾಟ ಬೇರೆ (ಇದು ಯಾವ ಜಾಬ್ ಡಿಸ್ಕ್ರಿಪ್ಷನ್‌ನಲ್ಲೂ ಇರಲ್ಲ). ಸಂಬಳ ಕಡಿಮೆ, ನಿಜ. ಆದ್ರೆ ದೊಡ್ಡ ತೋಟಗಳಲ್ಲಿ ಇರೋಕೆ ಬಂಗಲೆ, ಓಡಾಡೋಕೆ ಜೀಪು ಕೊಡ್ತಾರೆ. ಇವಕ್ಕೂ ಬೆಲೆ ಕಟ್ಟಿ ಹೋಲಿಸಬೇಕಲ್ವಾ?

ಮುಂದಿನ ಸಲ ಟೇಕ್ ಹೋಮ್, ಅಂದ್ರೆ ಕೈಗೆ ಬರೋದು ಎಷ್ಟು ಅಂತಾನೂ ಹಾಕಿ. ಸುಮ್ನೆ ಪ್ಯಾಕೇಜ್ ನೋಡಿ ನಮ್ಮ ಹುಡುಗರು ಬಸ್ ಹತ್ತುತ್ತಾರೆ.