ಜೂನ್ ತಿಂಗಳ ಸರ

ನಮ್ಮ ಮನೆಯ ಗುಂಡಿನ ಸರ ಅಜ್ಜಿಯ ಕತ್ತಿನಲ್ಲಿ ಇದ್ದದ್ದಕ್ಕಿಂತ ಬ್ಯಾಂಕಿನಲ್ಲಿ ಇದ್ದದ್ದೇ ಜಾಸ್ತಿ. ಲಾಕರ್ ಇಟ್ಟುಕೊಳ್ಳುವಷ್ಟು ಸ್ಥಿತಿವಂತರು ಅಂದುಕೊಳ್ಳಬೇಡಿ. ಅಡವಿಟ್ಟಿದ್ದು.

ನಮ್ಮದು ತಿಪಟೂರಿನ ಕಡೆ, ತೆಂಗಿನ ತೋಟ. ಕೊಬ್ಬರಿ ಮಾಡುವವರಿಗೆ ಕಾಯಿ ಕಿತ್ತ ತಕ್ಷಣ ದುಡ್ಡಿಲ್ಲ. ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಅಂದಾಗ ಕೊಬ್ಬರಿ. ಸ್ಕೂಲಿನವರು ಅಲ್ಲಿಯವರೆಗೆ ಕಾಯುತ್ತಾರಾ? ಜೂನ್ ಬಂತು ಅಂದರೆ ಅಜ್ಜಿಯ ಕತ್ತು ಖಾಲಿ. ತಾತ ಸರವನ್ನು ಹಳೇ ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತುತ್ತಿದ್ದರು. ಕೊಬ್ಬರಿ ಮಾರಿದ ವಾರ ಅದೇ ಟವೆಲಿನಲ್ಲಿ ವಾಪಸ್ಸು.

ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಚಿನ್ನ ನೋಡುವವರು ಕಪ್ಪನೆಯ ಒರೆಗಲ್ಲಿಗೆ ಒಂದು ಗುಂಡನ್ನು ಸರ್ರನೆ ಉಜ್ಜಿದರು. ಹಳದಿ ಗೆರೆ ಬಿತ್ತು. ಅದರ ಮೇಲೆ ಒಂದು ಹನಿ ಆಸಿಡ್. ಗೆರೆ ಹಾಗೇ ಉಳಿಯಿತು. ತಾತ ಆಗ ಉಸಿರು ಬಿಟ್ಟರು, ಸರ ಅವರದೇ ಅಲ್ಲವೇನೋ ಅನ್ನುವ ಹಾಗೆ! ಆಮೇಲೆ ತೂಕ. ಬಂದ ತೂಕದಲ್ಲಿ ಅರಗಿನದು ಕಳೆದರು.

ಗುಂಡಿನ ಒಳಗುಟ್ಟೇ ಅದು. ಹೊರಗೆ ಈರುಳ್ಳಿ ಸಿಪ್ಪೆಯಂಥ ಚಿನ್ನದ ತಗಡು, ಒಳಗೆಲ್ಲ ಅರಗು. ಅಜ್ಜಿಗೆ ಈ ಕಳೆಯುವ ಲೆಕ್ಕದ ಮೇಲೆ ಕೊನೆವರೆಗೂ ಸಿಟ್ಟಿತ್ತು. "ಅರಗಿಗೆ ದುಡ್ಡು ಕೊಡಲ್ವಂತೆ. ಅರಗಿಲ್ದೆ ಗುಂಡು ಗುಂಡಾಗಿರುತ್ತಾ? ಒತ್ತಿದ್ರೆ ಅಪ್ಪಚ್ಚಿ!"

ಅಜ್ಜಿ ಹೋದ ಮೇಲೆ ಸರ ಅಮ್ಮನಿಗೆ ಬಂತು. ಬೆಳಕಿಗೆ ಹಿಡಿದರೆ ಕೆಲವು ಗುಂಡುಗಳ ಮೇಲೆ ಎಳ್ಳುಕಾಳಿನಷ್ಟು ಜಾಗ ಚಪ್ಪಟೆಯಾಗಿರುವುದು ಕಾಣುತ್ತದೆ. ಒರೆಗೆ ಹಚ್ಚಿದ ಗುರುತು. ಅಮ್ಮ ಜಪಮಣಿ ಎಣಿಸುವ ಹಾಗೆ ಒಂದೊಂದನ್ನೇ ಸರಿಸುತ್ತಾಳೆ. "ಇದು ಬೋರ್‌ವೆಲ್‌ದು. 400 ಅಡಿ ಕೊರೆದ್ರೂ ಬರೀ ಧೂಳು. ಇದು ನಿನ್ನ ಡಿಪ್ಲೊಮಾದು. ಇದು ನಿಮ್ಮ ಚಿಕ್ಕಪ್ಪನ ಮದುವೇದು, ಅದರ ಸುದ್ದಿ ಬೇಡ ಬಿಡು." ನಿಜವಾಗಿ ಗುರುತು ಹಿಡಿಯುತ್ತಾಳೋ, ಸುಮ್ನೆ ಹೇಳುತ್ತಾಳೋ ನನಗೆ ಅನುಮಾನ. ಮೊನ್ನೆ ಬೋರ್‌ವೆಲ್ ಅಂತ ಬೇರೆ ಗುಂಡನ್ನೇ ತೋರಿಸಿದಳು. ನಾನು ಬಾಯಿ ಬಿಡಲಿಲ್ಲ.

ಹೋದ ವರ್ಷ ದಾರ ಸವೆದಿದೆ ಅಂತ ಹೊಸದಾಗಿ ಪೋಣಿಸಲು ಕೊಟ್ಟೆವು. ಅಂಗಡಿಯ ಹುಡುಗ ಒಳ್ಳೆಯವನೇ. ಅವನ ಹತ್ತಿರ ಒರೆಗಲ್ಲೇ ಇಲ್ಲ. ಒಡವೆಯನ್ನು ಮಿಷನ್ನಿನೊಳಗೆ ಇಟ್ಟರೆ ಎಷ್ಟು ಕ್ಯಾರೆಟ್ ಅಂತ ಪರದೆಯ ಮೇಲೆ ಬರುತ್ತದೆ. "ಆಂಟಿ, ಹಳೇದು, ಹಾಲ್‌ಮಾರ್ಕ್ ಇಲ್ಲ. ಎಕ್ಸ್‌ಚೇಂಜ್ ಮಾಡಿ, 916ರಲ್ಲಿ ಹೊಸ ಡಿಸೈನ್ ಕೊಡ್ತೀನಿ" ಅಂದ. ಅಮ್ಮ ಬೇಡ ಅಂದಳು. "ಹಾಗಾದ್ರೆ ಪಾಲಿಶ್ ಮಾಡಿಸಿ, ಈ ಉಜ್ಜಿದ ಗುರುತೆಲ್ಲ ಹೋಗುತ್ತೆ."

ಅಮ್ಮ ಸರವನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. "ದಾರ ಮಾತ್ರ ಹಾಕಪ್ಪ. ನಾವು ಇಲ್ಲೇ ಕೂತಿರ್ತೀವಿ."

ಈಗ ನನಗೆ ತಿಂಗಳ ಸಂಬಳ ಬರುತ್ತದೆ. ಮಗಳ ಫೀಸು ಫೋನಿನಲ್ಲೇ ಕಟ್ಟಿಬಿಡುತ್ತೇನೆ. ಮದುವೆ ಮುಂಜಿಗೆ ಬಿಟ್ಟರೆ ಸರ ಬೀರುವಿನಿಂದ ಹೊರಗೆ ಬರುವುದಿಲ್ಲ. ಆದರೂ ಈ ಜೂನಿನಲ್ಲಿ ಒಂದು ದಿನ ಬೆಳಿಗ್ಗೆ ನೋಡಿದರೆ, ಟಿವಿ ಪಕ್ಕದಲ್ಲಿ ಟವೆಲಿನ ಗಂಟು.

"ಏನಮ್ಮ ಇದು?"

"ಇರ್ಲಿ ಬಿಡೋ. ಈ ಸಲ ಫೀಸು ಜಾಸ್ತಿ ಮಾಡವ್ರೆ ಅಂದ್ಲು ನಿನ್ನ ಮಗಳು."