ಅಧ್ಯಕ್ಷ ಎಂಬ ಪದದೊಳಗಿನ ಕಣ್ಣು

ಕಳೆದ ವಾರ ಬೆಟಗೇರಿಯ ಹಿರಿಯರೊಬ್ಬರು ತಮ್ಮ ಚರ್ಚಿನ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯ ಪ್ರೂಫ್ ನೋಡಿಕೊಡಲು ಕೇಳಿದ್ದರಿಂದ ಅವರೊಂದಿಗೆ ಗದಗಿನ ಒಂದು ಪ್ರೆಸ್ಸಿಗೆ ಹೋಗಿದ್ದೆ. ಬರಲಿದ್ದ ಬಿಷಪ್ಪರನ್ನು ಅವರು ಬೈಬಲಿನ ಭಾಷೆಯಲ್ಲಿ ‘ಸಭಾಧ್ಯಕ್ಷರು’ ಎಂದು ಬರೆದಿದ್ದರು. ಅದರ ಮೇಲಿನ ಸಾಲಿನಲ್ಲಿ, ನಮ್ಮ ಕಡೆಯ ಎಲ್ಲ ಪತ್ರಿಕೆಗಳಲ್ಲಿರುವಂತೆ, ‘ಅಧ್ಯಕ್ಷತೆ’ ಎಂದಿತ್ತು. ಕಂಪ್ಯೂಟರ್ ಮುಂದೆ ಕುಳಿತ ಹುಡುಗ ತಿರುಗಿ ನೋಡಿ, “ಸರ, ಅಧ್ಯಕ್ಷ ಅನ್ನೂದು ಎರಡ ಸಲ ಬಂದೈತ್ರಿ, ಒಂದ ತಗದ ಬಿಡ್ಲೇನ್ರಿ?” ಎಂದ.

ಹುಡುಗನ ತಪ್ಪೇನೂ ಇಲ್ಲ. ಇಂದಿನ ಕನ್ನಡದಲ್ಲಿ ಅಧ್ಯಕ್ಷ ಎಂದರೆ ನಡುವಿನ ಕುರ್ಚಿಯಲ್ಲಿ ಕೂರುವವರು. ಗ್ರಾಮ ಪಂಚಾಯಿತಿಗೂ ಸೊಸೈಟಿಗೂ ಗಣೇಶೋತ್ಸವ ಮಂಡಳಿಗೂ ಒಬ್ಬೊಬ್ಬ ಅಧ್ಯಕ್ಷರಿದ್ದಾರೆ, ವಿಧಾನಸಭೆಯ ಸ್ಪೀಕರರನ್ನಂತೂ ಸಭಾಧ್ಯಕ್ಷರೆಂದೇ ಕರೆಯುತ್ತೇವೆ. ಆದರೆ ಬೈಬಲನ್ನು ಕನ್ನಡಕ್ಕೆ ತಂದವರು ಈ ಪದವನ್ನು ಆರಿಸಿದಾಗ ಅವರ ಮುಂದಿದ್ದದ್ದು ಕುರ್ಚಿಯಲ್ಲ, ‘ಎಪಿಸ್ಕೊಪೊಸ್’ ಎಂಬ ಗ್ರೀಕ್ ಪದ. ‘ಎಪಿ’ ಎಂದರೆ ಮೇಲೆ, ‘ಸ್ಕೊಪೊಸ್’ ಎಂದರೆ ನೋಡುವವನು. ಮೇಲ್ವಿಚಾರಣೆಯ ಕೆಲಸಗಾರ ಎಂಬುದು ಅದರ ಸರಳ ಅರ್ಥ, ಅದಕ್ಕೆ ಮೂಲದಲ್ಲಿ ಧರ್ಮದ ಸೋಂಕೇ ಇರಲಿಲ್ಲ. ಈ ಪದ ಲ್ಯಾಟಿನ್ನಿಗೆ ಹೋಗಿ, ಬಾಯಿಂದ ಬಾಯಿಗೆ ಸವೆದು, ಹಳೆಯ ಇಂಗ್ಲಿಷಿನಲ್ಲಿ ‘ಬಿಸ್ಕೊಪ್’ ಆಗಿ, ಕೊನೆಗೆ ಬಿಷಪ್ ಆಯಿತು.

ಈಗ ಅಧ್ಯಕ್ಷ ಎಂಬುದನ್ನು ಬಿಡಿಸಿ ನೋಡಿ. ‘ಅಧಿ’ ಎಂದರೆ ಮೇಲೆ. ‘ಅಕ್ಷ’ ಎಂಬಲ್ಲಿರುವುದು ಕಣ್ಣು. ಕಣ್ಣೆದುರಿಗೆ ಇರುವುದನ್ನು ಪ್ರತ್ಯಕ್ಷ ಎನ್ನುತ್ತೇವಲ್ಲ, ಅದೇ ಅಕ್ಷ. ಗ್ರೀಕ್ ಪದದ ಎರಡು ತುಂಡುಗಳಿಗೂ ಸಂಸ್ಕೃತದ ಎರಡು ತುಂಡುಗಳು ಇಷ್ಟು ಸರಿಯಾಗಿ ಕೂಡುವುದು ಅನುವಾದದಲ್ಲಿ ಅಪರೂಪಕ್ಕೆ ಸಿಗುವ ಭಾಗ್ಯ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ಹೆಸರೇ ಅಧ್ಯಕ್ಷಪ್ರಚಾರ. ಅಲ್ಲಿ ಬೇಸಾಯಕ್ಕೊಬ್ಬ ಸೀತಾಧ್ಯಕ್ಷ, ನೂಲಿಗೊಬ್ಬ ಸೂತ್ರಾಧ್ಯಕ್ಷ, ಸುಂಕಕ್ಕೊಬ್ಬ ಶುಲ್ಕಾಧ್ಯಕ್ಷ ಇದ್ದಾರೆ. ದನಗಳನ್ನು ನೋಡಿಕೊಳ್ಳುವ ಗೋಧ್ಯಕ್ಷನು ಒಂದೊಂದು ದನದ ಮೈಮೇಲಿನ ಮುದ್ರೆ, ಬಣ್ಣ, ಕೊಂಬುಗಳ ನಡುವಿನ ಅಂತರವನ್ನು ಕೂಡ ಬರೆದಿಡಬೇಕಿತ್ತು. ಅಂಥವನಿಗೆ ಕೂರಲು ಪುರುಸೊತ್ತಾದರೂ ಎಲ್ಲಿರುತ್ತಿತ್ತು!

ಹಿಂಡಿನ ಮಾತು ಸುಮ್ಮನೆ ಬಂದದ್ದಲ್ಲ. ಬೈಬಲಿನ ಅಪೊಸ್ತಲರ ಕೃತ್ಯಗಳ 20ನೆಯ ಅಧ್ಯಾಯದಲ್ಲಿ ಪೌಲನು ಮಿಲೇತದಿಂದ ಹೇಳಿಕಳಿಸಿ ಎಫೆಸದ ಸಭೆಯ, ಅಂದರೆ ಅಲ್ಲಿನ ಚರ್ಚಿನ, ಹಿರಿಯರನ್ನು ಕರೆಸುತ್ತಾನೆ. ಅಲ್ಲಿ ಅವರು ‘ಪ್ರೆಸ್ಬುತೆರೊಸ್’, ಅಂದರೆ ವಯಸ್ಸಿನಲ್ಲಿ ಹಿರಿಯರು. ಹತ್ತು ವಚನ ದಾಟುತ್ತಲೇ ಅದೇ ಜನರನ್ನು ಅವನು ಎಪಿಸ್ಕೊಪೊಸ್ ಎಂದು ಕರೆದು, ಹಿಂಡನ್ನು ಮೇಯಿಸಿರಿ ಎನ್ನುತ್ತಾನೆ. ಹಿರಿಯ, ಅಧ್ಯಕ್ಷ, ಪಾಲಕ ಎಂಬ ಮೂರೂ ಮಾತು ಒಂದೇ ಗುಂಪಿಗೆ ಸಲ್ಲುತ್ತವೆ. ಒಂದು ವಯಸ್ಸನ್ನು ಹೇಳಿದರೆ ಉಳಿದೆರಡು ಕೆಲಸವನ್ನು ಹೇಳುತ್ತವೆ. ತೀತನಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿಯೂ ಹಿರಿಯ ಎಂದು ಆರಂಭವಾದ ಮಾತು ಎರಡು ವಚನ ಕಳೆಯುವಷ್ಟರಲ್ಲಿ ಅಧ್ಯಕ್ಷ ಎಂದಾಗುತ್ತದೆ. ಎರಡನೆಯ ಶತಮಾನದ ಆರಂಭಕ್ಕೆ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಬರೆದ ಪತ್ರಗಳಲ್ಲಿ ಮಾತ್ರ ಒಬ್ಬ ಬಿಷಪ್, ಅವನ ಕೆಳಗೆ ಹಿರಿಯರು, ಅವರ ಕೆಳಗೆ ಸೇವಕರು ಎಂಬ ಮೆಟ್ಟಿಲು ಸ್ಪಷ್ಟವಾಗಿ ಕಾಣುತ್ತದೆ. ಮೆಟ್ಟಿಲು ಕಟ್ಟಿದ್ದೇ ತಪ್ಪೆಂದು ನಾನು ಹೇಳುತ್ತಿಲ್ಲ, ಸಭೆ ಬೆಳೆದಂತೆ ವ್ಯವಸ್ಥೆ ಬೇಕಾಗುತ್ತದೆ. ಆದರೆ ನೋಡುವವನು ಎಂಬ ಪದ ನೋಡಿಸಿಕೊಳ್ಳುವವನು ಎಂಬ ಅರ್ಥಕ್ಕೆ ಜಾರತೊಡಗಿದ್ದು ಅಲ್ಲಿಂದಲೇ ಎಂಬುದು ನನ್ನ ಅಭಿಪ್ರಾಯ. ನಮ್ಮ ಅಧ್ಯಕ್ಷ ಪದಕ್ಕೂ, ಯಾವ ಚರ್ಚಿನ ನೆರವೂ ಇಲ್ಲದೆ, ಇದೇ ಗತಿ ಬಂದಿತು.

ನಮ್ಮ ಸೀಮೆಗೆ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಅವರ ವ್ಯವಸ್ಥೆಯಲ್ಲಿ ಬಿಷಪ್ ಎಂಬ ಹುದ್ದೆಯೇ ಇರಲಿಲ್ಲ. ಇಂದು ಧಾರವಾಡದಲ್ಲಿ ಬಿಷಪ್ಪರಿರುವುದು 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯ ಮೂಲಕ. ಕ್ಯಾಥೊಲಿಕರು ಧರ್ಮಾಧ್ಯಕ್ಷ ಎನ್ನುತ್ತಾರೆ, ಅಲ್ಲಿಯೂ ಆ ಕಣ್ಣು ಉಳಿದಿದೆ. ಪಾದ್ರಿ ಎಂಬುದು ಪೋರ್ಚುಗೀಸರು ಬಿಟ್ಟುಹೋದ ‘ತಂದೆ’.

ಬಿಷಪ್ ಎಂಬ ಪದವನ್ನು ಕನ್ನಡದಿಂದ ಓಡಿಸಬೇಕೆಂಬ ಹಟ ನನಗಿಲ್ಲ, ಅದು ಬಸ್ಸು ಚಹಾಗಳಂತೆ ನಮ್ಮದೇ ಆಗಿದೆ. ಪ್ರೆಸ್ಬುತೆರೊಸ್ ಎಂಬುದಕ್ಕಂತೂ ನಮ್ಮಲ್ಲಿ ಹೊಸ ಪದ ಹುಡುಕುವ ಅಗತ್ಯವೇ ಇಲ್ಲ. ಮಠದ ಸ್ವಾಮಿಗಳು ಮೂವತ್ತರ ಪ್ರಾಯದವರಾಗಿದ್ದರೂ ಅವರನ್ನು ‘ಅಜ್ಜಾರು’ ಎನ್ನುವ ಊರು ನಮ್ಮದು. ನನ್ನ ತಕರಾರು ಪಾಲಕ ಎಂಬ ಪದದ ಬಗ್ಗೆ. ಸಭಾಪಾಲಕ ಎಂದಾಗ ನಮ್ಮ ಕಿವಿಗೆ ರಾಜ್ಯಪಾಲ, ಲೋಕಪಾಲಗಳ ಗತ್ತು ಬಡಿಯುತ್ತದೆಯೇ ಹೊರತು ಕುರಿಯ ಉಣ್ಣೆಯ ವಾಸನೆ ಬರುವುದಿಲ್ಲ. ಸುಗ್ಗಿ ಮುಗಿದ ಮೇಲೆ ಹಾವೇರಿ, ಗದಗಿನ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಾರೆ. ಬೆಳಗಿನ ಜಾವ ಬಲೆ ಬಿಚ್ಚುವಾಗ ಕುರಿಕಾಯುವವನು ಬಾಯಿಂದ ಎಣಿಸುವುದಿಲ್ಲ. ಕಂಬಳಿ ಹೊದ್ದು ಕೋಲಿಗೆ ಆತು ನಿಂತು, ಒಂದೊಂದೇ ಹೊರಬೀಳುವುದನ್ನು ನೋಡುತ್ತಾನೆ, ಕುಂಟುವ ಒಂದನ್ನು ಕಾಲು ಹಿಡಿದು ಬದಿಗೆಳೆದು ಗೊರಸು ತಿರುವಿ ಮುಳ್ಳು ಕೀಳುತ್ತಾನೆ. ಎಪಿಸ್ಕೊಪೊಸ್ ಎಂಬ ಆ ಗ್ರೀಕ್ ಪದಕ್ಕೆ ಅರ್ಥ ಕೇಳಿದವರಿಗೆ ನಾನು ಈ ಮನುಷ್ಯನನ್ನು ತೋರಿಸುತ್ತೇನೆ.

ಪ್ರೆಸ್ಸಿನಲ್ಲಿ ಕೊನೆಗೆ ರಾಜಿಯಾಯಿತು. ಅತಿಥಿಗಳಿಗೆ ‘ಬಿಷಪ್’ ಎಂದೇ ಇಟ್ಟು, ಅಲ್ಲಿನ ಪಾಸ್ಟರರಿಗೆ ‘ಸಭಾಪಾಲಕರು’ ಎಂದು ಹಾಕಿ, ಕೆಳಗೆ ‘ಸಭೆಯ ಹಿರಿಯರು’ ಎಂದು ಆರು ಹೆಸರು ಸೇರಿಸಲಾಯಿತು. ಹೆಸರುಗಳನ್ನು ವಯಸ್ಸಿನ ಪ್ರಕಾರ ಹಾಕಲೇ ಎಂದು ಹುಡುಗ ಕೇಳಿದ. ನನ್ನ ಜೊತೆ ಬಂದಿದ್ದವರು ಸ್ವಲ್ಪ ಹೊತ್ತು ಯೋಚಿಸಿ, ಬ್ಯಾಡಪಾ, ಹೆಂಗದಾವೋ ಹಂಗ ಇರ್ಲಿ ಎಂದರು. ಆ ಆರು ಮಂದಿ ಹಿರಿಯರಲ್ಲಿ ಮೊದಲ ಹೆಸರಿನವರಿಗೆ ಈಗ ಮೂವತ್ತೊಂದು.